ದುಂಡು ಪಾತ್ರೆಯ ಲೆಕ್ಕ: ಕಣಜದಿಂದ ಡ್ರಮ್ಮಿನವರೆಗೆ



ಕೊಳಗ, ಸೇರು, ಪಾವು, ಕಣಜ, ಬಾವಿ, ಎಣ್ಣೆ ಡ್ರಮ್ಮು, ಹೀಗೆ ರೈತನ ಬಾಳಿನಲ್ಲಿ ಅಳೆಯೋ ಸಾಧನಗಳೆಲ್ಲ ಹೆಚ್ಚಾಗಿ ದುಂಡಗೇ ಇವೆ. ಚೌಕದ ಲೆಕ್ಕ ಸುಲಭ. ಉದ್ದ, ಅಗಲ, ಎತ್ತರ ಗುಣಿಸಿದರೆ ಮುಗೀತು. ದುಂಡಗಿರೋದನ್ನು ಅಳೆಯೋದು ಹೇಗೆ? ಈ ಪ್ರಶ್ನೆ ಬಹಳ ಹಳೆಯದು.

ಸುಮಾರು 3500 ವರ್ಷಗಳ ಹಿಂದೆ ಈಜಿಪ್ಟಿನ ಅಹಮೋಸ್ ಎಂಬ ಲಿಪಿಕಾರ ಬರೆದಿಟ್ಟ ಲೆಕ್ಕದ ಸುರುಳಿಯಲ್ಲಿ ಇದೇ ಪ್ರಶ್ನೆ ಇದೆ. 9 ಮೊಳ ಅಡ್ಡಳತೆ, 10 ಮೊಳ ಎತ್ತರದ ದುಂಡು ಕಣಜ ಎಷ್ಟು ಧಾನ್ಯ ಹಿಡಿಯುತ್ತದೆ? ಅಡ್ಡಳತೆಯಲ್ಲಿ ಒಂಬತ್ತನೇ ಒಂದು ಪಾಲು ಕಳೆದರೆ 8, ಎಂಟೆಂಟ್ಲೆ 64, ಹತ್ತರಿಂದ ಗುಣಿಸಿದರೆ 640 ಘನಮೊಳ. ಇಂದಿನ ಲೆಕ್ಕದಲ್ಲಿ ಸುಮಾರು 636. ವ್ಯತ್ಯಾಸ ನಾಲ್ಕು ಘನಮೊಳವೂ ಇಲ್ಲ!

ನಮ್ಮವರೂ ಹಿಂದುಳಿದಿರಲಿಲ್ಲ. 20000 ಅಡ್ಡಳತೆಯ ವೃತ್ತದ ಸುತ್ತಳತೆ ಸುಮಾರು 62832 ಎಂದು ಆರ್ಯಭಟ 499ರಲ್ಲೇ ಹೇಳಿದ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಅಗೆತದ ಲೆಕ್ಕಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯರು ದಿನಬಳಕೆಗೆ 22/7 ಸಾಕೆಂದರು. ಕಣದಲ್ಲಿ ಹಾಕಿದ ರಾಶಿಗೂ ಅವರ ಸೂತ್ರವಿದೆ: ಸುತ್ತಳತೆಯ ಆರನೇ ಒಂದು ಪಾಲನ್ನು ಅದರಿಂದಲೇ ಗುಣಿಸಿ, ಮತ್ತೆ ಎತ್ತರದಿಂದ ಗುಣಿಸಬೇಕು. ಹನ್ನೆರಡನೇ ಶತಮಾನದ ರಾಜಾದಿತ್ಯನಂತೂ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಈಗ ನಮ್ಮ ಡ್ರಮ್ಮಿಗೆ ಬರೋಣ. ಒಳಗಿನ ಅಡ್ಡಳತೆ 56 ಸೆಂ.ಮೀ. ಇದ್ದರೆ ಅದರ ಅರ್ಧ 28. ಇಪ್ಪತ್ತೆಂಟನ್ನು ಇಪ್ಪತ್ತೆಂಟರಿಂದ ಗುಣಿಸಿ, ಮತ್ತೆ 22/7ರಿಂದ ಗುಣಿಸಿದರೆ 2464. ಅಂದರೆ ಒಂದು ಸೆಂ.ಮೀ. ಎತ್ತರಕ್ಕೆ ಸುಮಾರು ಎರಡೂವರೆ ಲೀಟರು. ಅಳತೆಕೋಲನ್ನು ಎರಡು ಸೆಂ.ಮೀ. ತಪ್ಪಾಗಿ ಓದಿದರೆ ಐದು ಲೀಟರು ಹೆಚ್ಚುಕಮ್ಮಿ ಆಯ್ತು!

ಇನ್ನೊಂದು ಮಾತು ಗಮನಿಸಿ. ಕೊಳಗದ ಎತ್ತರ ಹತ್ತರಲ್ಲೊಂದು ಪಾಲು ಕಮ್ಮಿಯಾದರೆ ನೂರಕ್ಕೆ ಹತ್ತು ನಷ್ಟ. ಎತ್ತರ ಹಾಗೇ ಇದ್ದು ಅಡ್ಡಳತೆ ಅಷ್ಟೇ ಕಮ್ಮಿಯಾದರೆ ನಷ್ಟ ಹತ್ತೊಂಬತ್ತು! ಎತ್ತರದ ಮೋಸ ಕಣ್ಣಿಗೆ ಬೀಳುತ್ತದೆ, ಅಗಲದ್ದು ಬೀಳೋದಿಲ್ಲ. ಕೊಳ್ಳೋಕೆ ಒಂದು ಕೊಳಗ, ಮಾರೋಕೆ ಇನ್ನೊಂದು ಇಟ್ಟುಕೊಂಡವನ ಕೈಗೆ ಸಿಕ್ಕ ರೈತ, ಬೆಳೆ ಚೆನ್ನಾಗಿ ಬಂದ ವರ್ಷವೂ ಸೋಲುತ್ತಾನೆ. ದೇಶಕ್ಕೆಲ್ಲ ಒಂದೇ ಅಳತೆ ಇರಲೆಂದು 1956ರಲ್ಲಿ ಮೆಟ್ರಿಕ್ ಪದ್ಧತಿಯ ಕಾಯಿದೆ ಬಂತು. ಸೇರಿನ ಜಾಗಕ್ಕೆ ಲೀಟರು, ಕಿಲೋ ಬಂದವು.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ನಮಗೆಲ್ಲ ದಾರಿ ತೋರಿಸಿತು. ಲೆಕ್ಕ ಎಲ್ಲರ ಎದುರಿಗೆ ಇರಬೇಕು ಅನ್ನೋದೇ ಸಹಕಾರದ ಬೇರು. ಆದ್ದರಿಂದ ಸದಸ್ಯರು ಸಂಕೋಚಪಡದೆ ಅಳತೆಕೋಲು ಕೇಳಿ ಪಡೆಯಲಿ, ಮಕ್ಕಳಿಂದ ಗುಣಾಕಾರ ಮಾಡಿಸಿ ನೋಡಲಿ. ಅನುಮಾನದಿಂದಲ್ಲ, ಸಂಘ ನಮ್ಮದು ಎಂಬ ಅಭಿಮಾನದಿಂದ. ಬೆಳ್ಳಿಹಬ್ಬದ ಈ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.