ಸಾಕ್ಷಿ ಹೇಳಿದವನಿಗೆ ಜಾಮೀನು ಕೊಡೋರು ಯಾರು?



ಇವತ್ತು ಡಿಸೆಂಬರ್ 25. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನಮ್ಮ ಹುಡುಗರು ಬೆಳಿಗ್ಗೆಯಿಂದ ಮನುಸ್ಮೃತಿ ದಹನದ ಫೋಟೊ ಹಾಕಾಕತ್ತಾರ. ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಆದರ 1927ರಾಗ ಮಹಾಡದಾಗ ಸುಟ್ಟಿದ್ದು ಎಲ್ಲರಿಗೂ ನೆನಪದ, ಅದರ ಹಿಂದಿನ ಎರಡು ವಾರದಾಗ ಏನಾಗಿತ್ತು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಕೋರ್ಟಿನ ಕಾಗದ ಬಂದಿತ್ತು. ಬಾಬಾಸಾಹೇಬರು ಪ್ರತಿವಾದಿ ಆಗಿದ್ದರು.

ಇದನ್ನ ಇವತ್ತ ಯಾಕ ಬರೀಲಿಕ್ಕತ್ತೇನಿ ಅಂದ್ರ, ಸರಿಯಾಗಿ ಒಂದು ವಾರದ ಹಿಂದೆ, ಡಿಸೆಂಬರ್ 18ಕ್ಕೆ, ಶಿವಮೊಗ್ಗ ಜೈಲಿನಿಂದ ಒಬ್ಬ ಮನುಷ್ಯ ಹೊರಗೆ ಬಂದ. ಧರ್ಮಸ್ಥಳದಾಗ ಪೌರಕಾರ್ಮಿಕನಾಗಿದ್ದವ. ನಮ್ಮ ಜನ. ಜುಲೈದಾಗ ಇಡೀ ರಾಜ್ಯ ಅವನ ಮಾತೇ ಆಡ್ತಿತ್ತು. ಅವ ಬಿಡುಗಡೆ ಆದ ದಿನ ನನ್ನ ಮೊಬೈಲಿನ ಹದಿನಾರು ಗ್ರೂಪಿನಾಗ ಒಂದರಾಗೂ ಒಂದು ಮಾತಿಲ್ಲ. ನಾನೂ ಏನೂ ಹಾಕಲಿಲ್ಲ. ಆ ಮಾತು ಮುಂದೆ ಹೇಳ್ತೇನಿ.

ಅವನ ಹೆಸರು ನಾನು ಬರೆಯೋದಿಲ್ಲ. ಟೀವಿಯವರೂ ಮೊದಲು ಬರೀಲಿಲ್ಲ, 'ಅನಾಮಿಕ' ಅಂದ್ರು, ಆಮೇಲೆ 'ಮಾಸ್ಕ್ ಮ್ಯಾನ್' ಅಂದ್ರು, ಕಡೀಗೆ 'ಬುರುಡೆ ಗ್ಯಾಂಗ್' ಅಂದ್ರು. ನಮ್ಮ ಭಾಷೆಯೂ ಎಂಥಾದ್ದು ನೋಡ್ರಿ. ತಲೆಬುರುಡೆಗೂ ಬುರುಡೆ, ಸುಳ್ಳಿಗೂ ಬುರುಡೆ. ಹೆಡ್‌ಲೈನ್ ಬರೆಯೋರಿಗೆ ತಾನಾಗಿ ಸಿಕ್ಕ ಶಬ್ದ. ಒಮ್ಮೆ ಆ ಶಬ್ದ ಅಂಟಿದ ಮ್ಯಾಲೆ ತನಿಖೆಗೆ ಯಾರೂ ಕಾಯಲಿಲ್ಲ.

ನಡೆದದ್ದನ್ನ ಚುಟುಕಾಗಿ ಹೇಳ್ತೇನಿ. 2025ರ ಜುಲೈ 3ಕ್ಕೆ ದೂರು ಬಂತು, 4ಕ್ಕೆ ಎಫ್‌ಐಆರ್ ಆಯಿತು. ಎರಡು ದಶಕದ ಹತ್ತಿರ ಹತ್ತಿರ ಕಾಲ, 2014ರ ತನಕ, ನನ್ನ ಕೈಯಿಂದ ಹೆಣ ಹೂಳಿಸಿದರು, ಹೆಣ್ಣುಮಕ್ಕಳ ಹೆಣವೂ ಇದ್ದವು ಅಂತ ಆತನ ಹೇಳಿಕೆ. ಜುಲೈ 11ಕ್ಕೆ ಮೈತುಂಬ ಕಪ್ಪು ಬಟ್ಟೆ ಹೊದ್ದು ಬೆಳ್ತಂಗಡಿ ಕೋರ್ಟಿಗೆ ಬಂದ. ಜುಲೈ 19ಕ್ಕೆ ಸರ್ಕಾರ ಪ್ರಣವ್ ಮೊಹಾಂತಿ ಅವರ ಮುಂದಾಳತ್ವದಲ್ಲಿ ಎಸ್‌ಐಟಿ ಮಾಡಿತು. ತಿಂಗಳ ಕೊನೆಗೆ ನೇತ್ರಾವತಿ ದಂಡೆಯಲ್ಲಿ ಅಗೆಯೋದು ಶುರುವಾಯಿತು. ಆತ ತೋರಿಸಿದ ಜಾಗಗಳಲ್ಲಿ ಬಹಳಷ್ಟರಲ್ಲಿ ಏನೂ ಸಿಗಲಿಲ್ಲ. ಆರನೆಯದರಲ್ಲಿ ಎಲುಬು ಸಿಕ್ಕವು, ಹನ್ನೊಂದನೆಯದರ ಹತ್ತಿರವೂ ಸಿಕ್ಕವು. ಆಗಸ್ಟ್ 23ಕ್ಕೆ ಆತನನ್ನೇ ಬಂಧಿಸಿದರು. ತಂದುಕೊಟ್ಟ ಬುರುಡೆ ತಾನು ಹೇಳಿದ ಜಾಗದ್ದಲ್ಲ, ಸುಳ್ಳು ಸಾಕ್ಷ್ಯ ಅನ್ನೋದು ಆರೋಪ. ಸೆಪ್ಟೆಂಬರ್‌ನಲ್ಲಿ ಬಂಗ್ಲೆಗುಡ್ಡೆ ಕಾಡಿನಲ್ಲಿ ಮತ್ತೆ ತಲೆಬುರುಡೆ ಸಿಕ್ಕವು. ನವೆಂಬರ್ 20ಕ್ಕೆ ಎಸ್‌ಐಟಿ ಕೋರ್ಟಿಗೆ ಕೊಟ್ಟ ವರದಿಯಲ್ಲಿ ಆತನನ್ನೂ ಸೇರಿಸಿ ಆರು ಮಂದಿ ಆರೋಪಿಗಳು.

ಒಂದು ಮಾತು ಸ್ಪಷ್ಟ ಇರಲಿ. ಆತ ಹೇಳಿದ್ದೆಲ್ಲ ಖರೆ ಅಂತ ನಾನು ಹೇಳ್ತಿಲ್ಲ. ಸುಳ್ಳು ಅಂತ ಕೋರ್ಟಿನಾಗ ಸಾಬೀತಾದ್ರ ಕಾನೂನು ತನ್ನ ಕೆಲಸ ಮಾಡಲಿ. ಧರ್ಮಸ್ಥಳಕ್ಕ ಹೋಗೋ ಭಕ್ತರ ಮ್ಯಾಲೆ ನನಗೇನೂ ಸಿಟ್ಟಿಲ್ಲ. ನಮ್ಮ ಅವ್ವನೂ ಎರಡು ಸಲ ಹೋಗಿ ಬಂದಾಳ. ನಾನು ಕೇಳೋದು ಬ್ಯಾರೆ. ಅಲ್ಲಿ ಸಿಕ್ಕ ಎಲುಬು ಯಾರವು ಅನ್ನೋ ಪ್ರಶ್ನೆ, ದೂರು ಕೊಟ್ಟವ ಒಳ್ಳೆಯವನೋ ಕೆಟ್ಟವನೋ ಅನ್ನೋ ಪ್ರಶ್ನೆಯೊಳಗ ಹೆಂಗ ಮುಳುಗಿ ಹೋತು?

ಇದು ಹೊಸದಲ್ಲ. ಅದಕ್ಕೇ ಮಹಾಡಕ್ಕ ಹೋಗೋಣ.

1927ರ ಮಾರ್ಚ್ 20. ಚವದಾರ್ ಕೆರೆಯ ನೀರು ಮುಟ್ಟಿದರು. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ ಅದಾಗಲೇ ಠರಾವು ಮಾಡಿತ್ತು, ಅಂದರ ಕಾನೂನು ನಮ್ಮ ಕಡೆ ಇತ್ತು. ನೀರು ಕುಡಿದದ್ದಕ್ಕ ಊರು ತಕ್ಷಣ ಏಳಲಿಲ್ಲ. ಊರು ಎದ್ದದ್ದು ಬ್ಯಾರೆ ಸುದ್ದಿಗೆ. ಇವರು ಈಗ ವೀರೇಶ್ವರ ಗುಡಿಗೆ ನುಗ್ತಾರಂತ! ಯಾರು ಹಬ್ಬಿಸಿದರೋ, ಅಂಥಾ ಯಾವ ವಿಚಾರವೂ ಪರಿಷತ್ತಿನಾಗ ಇರಲಿಲ್ಲ. ದೊಣ್ಣೆ ಹಿಡಿದ ಮಂದಿ ಬಂದು ಉಣ್ಣಾಕ ಕೂತವರನ್ನ ಹೊಡೆದರು. ಆಮೇಲೆ 108 ಕೊಡ ನೀರು, ಸಗಣಿ, ಗಂಜಲ, ಹಾಲು ಹಾಕಿ ಕೆರೆ ಶುದ್ಧ ಮಾಡಿದರು.

ಪ್ರಶ್ನೆ ನೀರಿನದು, ಜನರನ್ನ ಕೂಡಿಸಿದ್ದು ಗುಡಿಯ ಹೆಸರಿನಾಗ. 2025ರಾಗ ಪ್ರಶ್ನೆ ಹೆಣದ್ದು. ಆಗಸ್ಟ್ 31ಕ್ಕೆ ಜೆಡಿಎಸ್ ಸತ್ಯಯಾತ್ರೆ, ಸೆಪ್ಟೆಂಬರ್ 1ಕ್ಕೆ ಬಿಜೆಪಿಯ ಧರ್ಮಸ್ಥಳ ಚಲೋ. ಕಾಂಗ್ರೆಸ್‌ನವರೇನು ಕಡಿಮೆ? ಅವರದೇ ಸರ್ಕಾರದ ಎಸ್‌ಐಟಿ ಕೆಲಸ ಮಾಡ್ತಿರಬೇಕಾದರೆ ಅವರದೇ ಉಪಮುಖ್ಯಮಂತ್ರಿ ಷಡ್ಯಂತ್ರ ಅಂದರು. ಮೂರೂ ಪಕ್ಷ ಒಂದೇ ಮಾತಿಗೆ ಬಂದದ್ದನ್ನ ನಾನು ಬ್ಯಾರೆ ಯಾವ ವಿಷಯದಾಗೂ ನೋಡಿಲ್ಲ, ಮಹದಾಯಿಯೊಳಗೂ ನೋಡಿಲ್ಲ.

ಇನ್ನ ಕೋರ್ಟಿನ ಕಥೆ. ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹ ಅಂತ ಗೊತ್ತಾದ ಮೇಲೆ ಮಹಾಡದ ಸವರ್ಣೀಯರು ಕೆರೆ ಖಾಸಗಿಯದು ಅಂತ ಡಿಸೆಂಬರ್ 12ಕ್ಕೆ ದಾವೆ ಹಾಕಿದರು. ಎರಡೇ ದಿವಸದಾಗ ತಾತ್ಕಾಲಿಕ ತಡೆಯಾಜ್ಞೆ ಬಂತು. ಸಾವಿರಾರು ಜನ ಕೂಡಿದ್ದರು, ಕೆರೆ ಕಣ್ಣ ಮುಂದೆ ಇತ್ತು, ಬಾಬಾಸಾಹೇಬರು ಕೋರ್ಟಿನ ಆದೇಶ ಮುರಿಯಲಿಲ್ಲ. ಆ ಸಲ ನೀರು ಕುಡಿಯಲಿಲ್ಲ. ನಾವು ಇವತ್ತು ಬರೀ ಬೆಂಕಿಯ ಫೋಟೊ ಹಾಕ್ತೇವಿ, ಈ ಒಣ ಗಂಟಲಿನ ಮಾತು ಹೇಳೋದಿಲ್ಲ. ಆ ದಾವೆ ಬಾಂಬೆ ಹೈಕೋರ್ಟಿನಾಗ ಮುಗಿದದ್ದು 1937ರ ಮಾರ್ಚ್ 17ಕ್ಕೆ. ಒಂದು ಗುಟುಕು ನೀರಿಗೆ ಹತ್ತು ವರ್ಷ. ಗೆದ್ದರು ಖರೆ, ಆದರ ಬಾರ್-ಅಟ್-ಲಾ ಓದಿದ ಬಾಬಾಸಾಹೇಬರಿಗೇ ಹತ್ತು ವರ್ಷ ಹಿಡೀತು ಅನ್ನೋದನ್ನ ಮರೀಬಾರದು.

ಅದಕ್ಕೂ ಒಂದು ವರ್ಷ ಹಿಂದೆ, 1926ರಲ್ಲಿ, ಪುಣೆಯಲ್ಲಿ 'ದೇಶಾಚೆ ದುಶ್ಮನ್' ಅನ್ನೋ ಪುಸ್ತಕದ ಮೇಲೆ ಮಾನಹಾನಿ ಮೊಕದ್ದಮೆ ನಡೆದಿತ್ತು. ಬರೆದವರು ದಿನಕರರಾವ್ ಜವಳಕರ, ಜೊತೆಗೆ ಕೇಶವರಾವ್ ಜೇಧೆ. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು, ಮೇಲ್ಮನವಿಯಲ್ಲಿ ಬಿಡಿಸಿಕೊಂಡು ಬಂದವರು ಬಾಬಾಸಾಹೇಬರು. ಅದರ ಹಿಂದಿನ ವರ್ಷ, 1925ರ ಏಪ್ರಿಲ್‌ನಲ್ಲಿ, ನಮ್ಮದೇ ಜಿಲ್ಲೆಯ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗೆ ಬಂದು ಹೋಗಿದ್ದರು.

ನಮ್ಮ ಜಿಲ್ಲೆ ಅಂದ ಕೂಡಲೇ ನನಗ ನೆನಪಾಗೋದು ಬೆಂಡಿಗೇರಿ. 1987, ಬೆಳಗಾವಿ ತಾಲ್ಲೂಕು. ಹೊಲದಾಗಿನ ಗೋವಿನಜೋಳ ಕದ್ದಾರ ಅಂತ ಹೇಳಿ ದಲಿತರಿಗೆ ಮಲ ತಿನ್ನಿಸಿದರು. ನಾನಾಗ ಸಣ್ಣ ಹುಡುಗ. ದಲಿತ ಸಂಘರ್ಷ ಸಮಿತಿ ರಾಜ್ಯದ ತುಂಬ ಬೀದಿಗಿಳಿದದ್ದನ್ನ ದೊಡ್ಡವನಾದ ಮ್ಯಾಲೆ ಹಿರಿಯರ ಬಾಯಿಂದ ಕೇಳೇನಿ. ಆ ಹಿರಿಯರು ಇನ್ನೊಂದು ಮಾತೂ ಹೇಳ್ತಿದ್ರು. ಆಗ ಚಹಾದ ಅಂಗಡ್ಯಾಗ, ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಮೊದಲು ಕೇಳ್ತಿದ್ದ ಪ್ರಶ್ನೆ 'ಅಲ್ಲೋ, ಕದ್ದಿದ್ದು ಖರೇನ ಏನು?' ಅಂತಿತ್ತಂತೆ. ಯಾವ ಕಳ್ಳತನಕ್ಕ ಯಾವ ಕಾನೂನಿನಾಗ ಆ ಶಿಕ್ಷೆ ಅದ ಅಂತ ಕೇಳಿದವರು ಕಡಿಮೆ.

ದೂರು ಕೊಟ್ಟವನ ಕೈ ಮೊದಲು ನೋಡೋದು, ದೂರನ್ನ ಆಮೇಲೆ ನೋಡೋದು. ಮಂತ್ರಿ ಆದರೂ ಅಷ್ಟೆ. ತಲೆಯ ಮ್ಯಾಲೆ ಮಲ ಹೊರೋ ಪದ್ಧತಿ ನಿಲ್ಲಿಸಿದ ಬಸವಲಿಂಗಪ್ಪನವರು 1973ರ ನವೆಂಬರ್‌ನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಅಂದದ್ದಕ್ಕ ರಾಜ್ಯ ಹೊತ್ತಿ ಉರೀತು, ಮಂತ್ರಿ ಸ್ಥಾನ ಹೋತು. ಮಲ ಹೊರಿಸಿದವರ ಮ್ಯಾಲೆ ಅಂಥಾ ಮೆರವಣಿಗೆ ಯಾವತ್ತೂ ಬರಲಿಲ್ಲ.

ಕಂಬಾಲಪಲ್ಲಿ ಗೊತ್ತಲ್ಲ? 2000ದ ಮಾರ್ಚ್ 11, ಏಳು ಜನರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಯಾಕ? ಸಾಕ್ಷಿಗಳು ತಿರುಗಿಬಿದ್ದರು. ಏಳು ಹೆಣ ಇದ್ದವು, ಸುಟ್ಟ ಮನೆ ಇತ್ತು, ಆದರ ಸಾಕ್ಷಿ ಹೇಳಿ ಅದೇ ಊರಾಗ ಬದುಕೋ ಧೈರ್ಯ ಉಳಿದಿರಲಿಲ್ಲ. ಸಾಕ್ಷಿ ತಿರುಗಿದರ ನಾವು ಬೈತೇವಿ, 'ಮಾರಿಕೊಂಡ' ಅಂತೇವಿ. ತಿರುಗದೆ ನಿಂತವನಿಗೆ ಏನಾಗ್ತದ ಅನ್ನೋದನ್ನೂ ಲೆಕ್ಕ ಹಾಕಬೇಕಲ್ಲ.

ಬರೀ ದಲಿತರದ್ದೇ ಕಥೆ ಅಲ್ಲ, ಅದನ್ನೂ ಹೇಳ್ತೇನಿ. ಸಹಕಾರ ಲೆಕ್ಕಪರಿಶೋಧನೆಯಲ್ಲಿದ್ದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ ಗೃಹನಿರ್ಮಾಣ ಸಂಘಗಳ ಸೈಟು ಹಂಚಿಕೆ ಕೆದಕಿದ್ದರು. 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಯಾಗಿ ತೀರಿಕೊಂಡರು. ನಮ್ಮ ಬೆಳಗಾವಿಯ ಗುತ್ತಿಗೆದಾರ ಸಂತೋಷ್ ಪಾಟೀಲ್ ಅವರ ಪ್ರಕರಣ ಇನ್ನೂ ಹತ್ತಿರದ್ದು. ಹಿಂಡಲಗಾದ ರಸ್ತೆ ಕೆಲಸದ ಬಿಲ್ಲಿಗೆ 40 ಪರ್ಸೆಂಟ್ ಕಮಿಷನ್ ಕೇಳಿದರು ಅಂತ ಮಂತ್ರಿ ಈಶ್ವರಪ್ಪನವರ ಮೇಲೆ ಆರೋಪ ಮಾಡಿದರು. ಈಶ್ವರಪ್ಪನವರು ಅಲ್ಲಗಳೆದು ಮಾನಹಾನಿ ಕೇಸು ಹಾಕಿದರು. ಆಗ ನಮ್ಮ ಜಿಲ್ಲೆಯಾಗ ಯಾರಾದರೂ ಬಂದು ಪಾಟೀಲರ ಜೊತೆ ನಿಂತರೇನು? ಇಲ್ಲ. 2022ರ ಏಪ್ರಿಲ್ 12ಕ್ಕೆ ಉಡುಪಿಯ ಲಾಡ್ಜಿನಲ್ಲಿ ಶವ ಸಿಕ್ಕಿತು, ಮೂರು ದಿವಸದಾಗ ಮಂತ್ರಿ ರಾಜೀನಾಮೆ ಕೊಟ್ಟರು, ಮುಂದೆ ಪೊಲೀಸರು ಬಿ ರಿಪೋರ್ಟ್ ಹಾಕಿದರು. 40 ಪರ್ಸೆಂಟ್ ಅನ್ನೋದು ಚುನಾವಣೆಯ ಘೋಷಣೆ ಆಯಿತು. ಬದುಕಿದ್ದಾಗ ಆ ಮನುಷ್ಯನಿಗೆ ಸಿಕ್ಕಿದ್ದು ಒಂದು ಕೋರ್ಟ್ ಕೇಸು ಮಾತ್ರ.

ಕಾನೂನು ಇಲ್ಲವೇ ಅಂದ್ರ, ಕಾಗದದ ಮ್ಯಾಲೆ ಅದಾವ. 2014ರಲ್ಲಿ ಸಂಸತ್ತು ವಿಷಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆ ಪಾಸು ಮಾಡಿತು, ರಾಷ್ಟ್ರಪತಿ ಸಹಿಯೂ ಬಿತ್ತು, ಜಾರಿ ಮಾತ್ರ ಆಗಿಲ್ಲ. ಆಫೀಸಿನಲ್ಲಿ ಫೈಲು ಹೊರೋ ಕ್ಲರ್ಕ್ ನಾನು, ಸಹಿ ಬಿದ್ದ ಫೈಲು ಮೇಜಿನ ಮ್ಯಾಲೆ ಕೊಳೆಯೋದು ನನಗ ಹೊಸದಲ್ಲ, ಆದರ ಇಡೀ ಕಾಯ್ದೆ ಕೊಳೀತದ ಅಂದ್ರ! ಆ ಕಾಯ್ದೆ ಜಾರಿ ಆದರೂ ಸರ್ಕಾರಿ ಭ್ರಷ್ಟಾಚಾರಕ್ಕಷ್ಟೇ. ಹೆಣ ಹೂಳಿದೆ ಅನ್ನೋನಿಗೆ ಅದರಾಗ ಜಾಗ ಇಲ್ಲ. ಸುಪ್ರೀಂ ಕೋರ್ಟ್ ಒಪ್ಪಿದ 2018ರ ಸಾಕ್ಷಿ ರಕ್ಷಣಾ ಯೋಜನೆ ಅದ, ಈತನಿಗೂ ಅದರಡಿ ರಕ್ಷಣೆ ಸಿಕ್ಕಿತ್ತು. ಬಂಧನ ಆದ ಮ್ಯಾಲೆ ಯಾವ ರಕ್ಷಣೆ? ದೌರ್ಜನ್ಯ ತಡೆ ಕಾಯ್ದೆಗೆ 2016ರಿಂದ 15ಎ ಕಲಂ ಸೇರಿ ಸಾಕ್ಷಿದಾರರ ಹಕ್ಕು ಬಂದಾವ. ನಮ್ಮ ಎಷ್ಟು ಸ್ಟೇಷನ್ನಿನಾಗ ಅದನ್ನ ಓದಿದವರು ಅದಾರ, ಹೋಗಿ ಕೇಳಿ ಬರ್ರಿ.

ಈಗ ನನ್ನ ಮಾತು.

ಜುಲೈದಾಗ ಆತನ ಕಪ್ಪು ಬಟ್ಟೆಯ ಫೋಟೊ ಹಾಕಿ 'ನಮ್ಮ ಅಣ್ಣ, ನಿನ್ನ ಜೊತೆ ನಾವಿದ್ದೇವೆ' ಅಂತ ಬರೆದವ ನಾನು. ನಾಲ್ಕು ನೂರು ಮಂದಿ ಲೈಕ್ ಮಾಡಿದ್ದರು. ಆಗಸ್ಟ್ 23ಕ್ಕ ಬಂಧನದ ಸುದ್ದಿ ಬಂದ ರಾತ್ರಿ ಆ ಪೋಸ್ಟ್ ಅಳಿಸಿದೆ. ಸೋಮವಾರ ಆಫೀಸಿಗೆ ಹೋದರೆ ಒಬ್ಬರು ನಕ್ಕೋತ 'ಏನ್ರಿ, ನಿಮ್ಮವ ಸಿಕ್ಕಬಿದ್ನಲ್ರಿ' ಅಂದರು. ಜುಲೈದಾಗ ಇವರೇ 'ಪಾಪ, ಎಂಥಾ ಧೈರ್ಯ' ಅಂದವರು. ಆಗ ಆತ ಎಲ್ಲರವ ಆಗಿದ್ದ, ಸಿಕ್ಕಿಬಿದ್ದ ಕೂಡಲೇ 'ನಿಮ್ಮವ' ಆದ. ನಾನು ಏನೂ ಅನ್ನದೆ ರಜಿಸ್ಟರ್ ತೆಗೆದು ಕೂತೆ. ಸೆಪ್ಟೆಂಬರ್ ಕೊನೆಗೆ ಹುಕ್ಕೇರಿ ವಿದ್ಯುತ್ ಸಂಘದ ಚುನಾವಣೆ ಗದ್ದಲ, ಅದರ ಹಿಂದೆ ಡಿಸಿಸಿ ಬ್ಯಾಂಕಿಂದು. ನಮ್ಮ ಮಂದಿಗೆ ಮಾತಾಡಾಕ ಬ್ಯಾರೆ ವಿಷಯ ಸಿಕ್ಕವು. ನನಗೂ ಅದೇ ಬೇಕಾಗಿತ್ತು ಅಂತ ಈಗ ಅನ್ನಿಸ್ತದ.

ನವೆಂಬರ್ 24ಕ್ಕೆ ಆತನಿಗೆ ಜಾಮೀನು ಆಯಿತು. ಒಂದು ಲಕ್ಷದ ಬಾಂಡು, ಷರತ್ತು, ಜಾಮೀನುದಾರರು. ಹೊರಗೆ ಬಂದದ್ದು ಡಿಸೆಂಬರ್ 18ಕ್ಕೆ. ನಡುವೆ ಇಪ್ಪತ್ನಾಲ್ಕು ದಿವಸ ಯಾಕ ಹೋದವು ಅಂದ್ರ, ಜಾಮೀನು ನಿಲ್ಲೋರು ಸಿಗಲಿಲ್ಲ ಅಂತ ಪೇಪರಿನಾಗ ಬಂತು. ಜುಲೈದಾಗ ಜೊತೆಗಿದ್ದ ಲಕ್ಷ ಮಂದಿಯೊಳಗ ಇಬ್ಬರು ಇರಲಿಲ್ಲ.

ಕೋರ್ಟಿನ ಕಟ್ಟೆ ಹತ್ತಿದವರಿಗೆ ಜಾಮೀನು ಅಂದ್ರ ಏನು ಅಂತ ಗೊತ್ತು. ಉತಾರ ಬೇಕು. ಹೊಲ ಇದ್ದವನಿಗೆ ಉತಾರ, ಇಲ್ಲದವನಿಗೆ ಜೈಲು. ನಮ್ಮ ಕೇರಿಯಾಗ ಉತಾರ ಇರೋ ಮನೆ ಬೆರಳಿನ ಮ್ಯಾಲೆ ಎಣಿಸಬಹುದು. ಕೆಲವು ವರ್ಷದ ಹಿಂದೆ ನಮ್ಮ ಭಾಗದ ಒಂದು ಊರಾಗ ಹೋಟೆಲಿನ ಬ್ಯಾರೆ ಲೋಟದ ವಿಡಿಯೊ ಮಾಡಿದ ಹುಡುಗನ ಮ್ಯಾಲೆ ಉಲ್ಟಾ ಕೇಸು ಬಿತ್ತು. ಜಾಮೀನು ಆದ ಮ್ಯಾಲೂ ನಾಲ್ಕು ದಿವಸ ಒಳಗೇ ಇದ್ದ. ಅವನ ಅಪ್ಪ ಮತ್ತು ನಾನು ಮನೆ ಮನೆ ತಿರುಗಿದ್ವಿ. ಎಲ್ಲರೂ ಚಹಾ ಕೊಟ್ಟರು, ಉತಾರ ಕೊಡಲಿಲ್ಲ. ಕಡೀಗೆ ಆ ಅಪ್ಪ ಹೊಲ ಕೂಲಿ ಮಾಡ್ತಿದ್ದ ಮನೆಯ ಮುದುಕ ಗೌಡರು, ಮಕ್ಕಳಿಗೆ ಹೇಳದೆ, ಅಂಗಿ ಕಿಸೆಯಾಗ ಉತಾರ ಮಡಚಿ ಇಟ್ಕೊಂಡು ಬಸ್ಸಿಗೆ ಬಂದ್ರು. ಸಹಿ ಹಾಕಿ, 'ನಾಳೆ ಕಬ್ಬಿಗೆ ನೀರು ಬಿಡೋದದ, ಲಗೂನ ಬಾ' ಅಂತ ಅವನ ಅಪ್ಪನಿಗೆ ಹೇಳಿ ಅದೇ ಬಸ್ಸಿಗೆ ವಾಪಸ್ ಹೋದರು.

ಹೋದ ವರ್ಷ ನನ್ನ ಹೆಸರಿಗೂ ಇಪ್ಪತ್ತು ಗುಂಟೆ ಆಗೇದ. ಉತಾರ ಕಪಾಟಿನಾಗ ಅದ. ಆ ಇಪ್ಪತ್ನಾಲ್ಕು ದಿವಸವೂ ಅಲ್ಲೇ ಇತ್ತು.

ಜೈಭೀಮ್.