ಚುಕ್ಕಿ ಬೇಗ, ಗೆರೆ ನಿಧಾನ: ಗ್ರಾಫ್ ಡೇಟಾಬೇಸ್ ಲೋಡಿಂಗ್ ಮತ್ತು ಹೈದರಾಬಾದ್ ಪಹಣಿಗಳ ಇತಿಹಾಸ

ಹೈದರಾಬಾದ್‌ನಲ್ಲಿ ಡೇಟಾ ಕೆಲಸ ಮಾಡ್ತಿರೋ ನಮ್ಮ ಕನ್ನಡದವರಿಗೆ ಇದು ಗೊತ್ತಿರೋ ಕಷ್ಟ. ಗ್ರಾಫ್ ಡೇಟಾಬೇಸ್‌ಗೆ ಹತ್ತು ಸಾವಿರ ಸಾಲು ಹಾಕೋದು ಚಹಾ ಕುಡಿಯೋಷ್ಟರಲ್ಲಿ ಆಗುತ್ತೆ. ಹತ್ತು ಕೋಟಿ ಹಾಕೋಕೆ ಹೋದ್ರೆ ಬೆಳಗಾದ್ರೂ ಮುಗಿಯಲ್ಲ. ಅದನ್ನ ವೇಗ ಮಾಡೋದು ಹೇಗೆ ಅನ್ನೋದು ಇವತ್ತಿನ ವಿಷಯ. ಬರೀ ಕಮಾಂಡ್‌ಗಳ ಪಟ್ಟಿ ಕೊಡೋಕೆ ಹೋಗಲ್ಲ. ಈ ಕಷ್ಟಕ್ಕೆ ಒಂದು ಇತಿಹಾಸ ಇದೆ, ಅದರ ಒಂದು ಭಾಗ ನಮ್ಮ ಆಫೀಸುಗಳು ನಿಂತಿರೋ ರಂಗಾರೆಡ್ಡಿ ಜಿಲ್ಲೆಯಲ್ಲೇ ನಡೆದಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1963ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಬಾಕ್‌ಮನ್ ಅವರು ಐಡಿಎಸ್ ಅನ್ನೋ ಡೇಟಾಬೇಸ್ ಕಟ್ಟಿದರು. ಒಂದು ದಾಖಲೆಯಿಂದ ಇನ್ನೊಂದಕ್ಕೆ ನೇರ ಕೊಂಡಿ, ಇದೇ ಅದರ ಜೀವಾಳ. 1973ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಅಷ್ಟರಲ್ಲಿ, 1970ರಲ್ಲೇ, ಎಡ್ಗರ್ ಕಾಡ್ ಅವರು ಟೇಬಲ್‌ಗಳ ದಾರಿ ತೋರಿಸಿದ್ದರು. ಮುಂದಿನ ಮೂರು ದಶಕ ಟೇಬಲ್‌ಗಳದ್ದೇ ರಾಜ್ಯಭಾರ. ಕೊಂಡಿಗಳ ವಿಚಾರ ಮತ್ತೆ ಮುಂದೆ ಬಂದಿದ್ದು 2000ದ ನಂತರ. ಸ್ವೀಡನ್‌ನ ಎಮಿಲ್ ಐಫ್ರೆಮ್ ಅವರು ಮುಂಬೈಗೆ ಬರೋ ವಿಮಾನದಲ್ಲಿ ನ್ಯಾಪ್ಕಿನ್ ಮೇಲೆ ಗ್ರಾಫ್ ಮಾದರಿಯ ಚಿತ್ರ ಬರೆದರು ಅನ್ನೋದು ನಿಯೋಫೋರ್‌ಜೆಯ ಹುಟ್ಟಿನ ಕಥೆ. ಅದರ 1.0 ಆವೃತ್ತಿ ಬಂದಿದ್ದು 2010ರಲ್ಲಿ.

ಈಗ ಮುಖ್ಯ ಪ್ರಶ್ನೆ. ಗ್ರಾಫ್‌ನಲ್ಲಿ ತುಂಬೋದು ಯಾಕೆ ನಿಧಾನ? ನೋಡ್ ಅಂದ್ರೆ ಒಂದು ಚುಕ್ಕಿ. ಇಟ್ಟು ಮುಂದೆ ಹೋಗಬಹುದು. ರಿಲೇಶನ್‌ಶಿಪ್ ಅಂದ್ರೆ ಎರಡು ಚುಕ್ಕಿ ಸೇರಿಸೋ ಗೆರೆ. ಒಂದು ಗೆರೆ ಎಳೀಬೇಕಾದ್ರೆ ಮೊದಲು ಎರಡು ತುದಿ ಹುಡುಕಬೇಕು. ಒಂದು ಕೋಟಿ ಗೆರೆಗೆ ಎರಡು ಕೋಟಿ ಹುಡುಕಾಟ. ಇಂಡೆಕ್ಸ್ ಇಲ್ಲದಿದ್ರೆ ಪ್ರತಿ ಸಲವೂ ಆ ಬಗೆಯ ಎಲ್ಲ ನೋಡ್‌ಗಳನ್ನ ಜಾಲಾಡಬೇಕಾಗುತ್ತೆ.

ಹಾಗಾಗಿ ಮದ್ದುಗಳೂ ಅಲ್ಲಿಂದಲೇ ಶುರು. ಯೂನಿಕ್ ಕನ್‌ಸ್ಟ್ರೇಂಟ್ ಮೊದಲೇ ಹಾಕಿ, ಇಂಡೆಕ್ಸ್ ಜೊತೆಗೇ ಬರುತ್ತೆ. ಮೊದಲ ಸುತ್ತಲ್ಲಿ ಎಲ್ಲ ನೋಡ್, ಎರಡನೇ ಸುತ್ತಲ್ಲಿ ಗೆರೆ. ಸಾಲಿಗೊಂದು ಕಮಿಟ್ ಬೇಡ, ಎಲ್ಲಾ ಸೇರಿ ಒಂದೇ ಕಮಿಟ್ ಕೂಡ ಬೇಡ, ಹತ್ತು ಸಾವಿರದ ಆಸುಪಾಸಿನ ಕಂತುಗಳಲ್ಲಿ ಮಾಡಿ. ಸಾವಿರಾರು ಗೆರೆ ಬಂದು ಸೇರೋ ದಪ್ಪ ನೋಡ್ ಇದ್ದರೆ, ಅದನ್ನ ನಾಲ್ಕು ಥ್ರೆಡ್ ಒಟ್ಟಿಗೆ ಹಿಡಿದು ಲಾಕ್‌ಗೆ ಕಾಯದ ಹಾಗೆ ಸಾಲುಗಳನ್ನ ವಿಂಗಡಿಸಿ.

2014ರಲ್ಲಿ 2.1 ಆವೃತ್ತಿ ಜೊತೆ ಲೋಡ್ ಸಿಎಸ್‌ವಿ ಬಂತು. 2015ರಲ್ಲಿ 2.2 ಜೊತೆ ಆಫ್‌ಲೈನ್ ಇಂಪೋರ್ಟ್ ಟೂಲ್ ಬಂತು. ಇದರ ವೇಗದ ಗುಟ್ಟು ನೋಡಿ. ಅದು ಖಾಲಿ ಡೇಟಾಬೇಸ್‌ಗೆ ಮಾತ್ರ ತುಂಬುತ್ತಿತ್ತು. ಟ್ರಾನ್ಸಾಕ್ಷನ್ ಅನ್ನೋದೇ ಇಲ್ಲ. ನೋಡ್‌ಗಳಿಗೆ ಒಮ್ಮೆ ನಂಬರ್ ಕೊಟ್ಟು, ಆ ನಂಬರ್ ಹಿಡಿದು ಗೆರೆಗಳನ್ನ ಸಾಲಾಗಿ ಡಿಸ್ಕಿಗೆ ಬರೆಯುತ್ತೆ. ಅಂದ್ರೆ ವೇಗ ಬಂದಿದ್ದು ಕೆಲಸದ ಕ್ರಮದಿಂದ, ಮತ್ತೆ ಕೆಲವು ತಪಾಸಣೆಗಳನ್ನ ಪಕ್ಕಕ್ಕಿಟ್ಟಿದ್ದರಿಂದ. ತುದಿ ಸಿಗದ ಗೆರೆಗಳನ್ನ ಬಿಟ್ಟು ಮುಂದೆ ಹೋಗು ಅಂತ ಹೇಳಿದರೆ, ಅವು ಒಂದು ರಿಪೋರ್ಟ್ ಫೈಲ್‌ಗೆ ಹೋಗಿ ಬೀಳುತ್ತವೆ. ಈ ಫೈಲ್ ನೆನಪಿಟ್ಟುಕೊಳ್ಳಿ, ಕಥೆಯ ಮುಂದಿನ ಭಾಗ ಇದರ ಮೇಲೇ ನಿಂತಿದೆ.

ಈಗ ಹೈದರಾಬಾದ್ ಪಹಣಿಗೆ ಬರೋಣ. ಜಮೀನು ದಾಖಲೆಗಳನ್ನ ಇಲ್ಲಿ ಯಾರೂ ಗ್ರಾಫ್ ಡೇಟಾಬೇಸ್‌ಗೆ ಹಾಕಲಿಲ್ಲ, ಮಾತು ಅದಲ್ಲ. ಆದರೆ ಪಹಣಿಯ ಒಳಗಿರೋ ಮಾಹಿತಿಯ ಆಕಾರ ಗ್ರಾಫೇ. ಮನುಷ್ಯ ಒಂದು ನೋಡ್, ಸರ್ವೆ ನಂಬರ್ ಒಂದು ನೋಡ್, ಗ್ರಾಮ ಒಂದು ನೋಡ್. ಪಟ್ಟಾದಾರ ಅನ್ನೋದು ಒಂದು ಗೆರೆ, ಅನುಭವದಾರ ಅಂದ್ರೆ ನಿಜವಾಗಿ ಉಳುತ್ತಿರೋನು ಅನ್ನೋದು ಇನ್ನೊಂದು ಗೆರೆ. ಹೈದರಾಬಾದ್ ರಾಜ್ಯದಲ್ಲಿ 1358 ಫಸಲಿಯ ಹಕ್ಕು ದಾಖಲೆ ನಿಯಮದ ಅಡಿ 1954-55ರಲ್ಲಿ ಖಾಸ್ರಾ ಪಹಣಿ ತಯಾರಾಯ್ತು. ಜಮೀನಿನ ತಕರಾರುಗಳಲ್ಲಿ ತೆಲಂಗಾಣದ ಕೋರ್ಟ್‌ಗಳು ಇವತ್ತಿಗೂ ಅದನ್ನ ತೆಗೆದು ನೋಡುತ್ತವೆ. ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ಆಗ ಅದೇ ರಾಜ್ಯದಲ್ಲಿದ್ದವು.

ಮರುವರ್ಷವೇ, 1956ರ ನವೆಂಬರ್ 1ಕ್ಕೆ, ರಾಜ್ಯ ಮೂರು ಪಾಲಾಯ್ತು. ಈ ಮೂರು ಜಿಲ್ಲೆಗಳ ಬಹುಭಾಗ ಮೈಸೂರಿಗೆ ಬಂತು. ಆದರೆ ರಾಯಚೂರಿನ ಆಲಂಪುರ, ಗದ್ವಾಲ, ಗುಲ್ಬರ್ಗದ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. ಕಲಬುರಗಿ ಕಡೆ ರೈಲಲ್ಲಿ ಹೋಗೋವಾಗ ತಾಂಡೂರು ಸ್ಟೇಷನ್ ಬರುತ್ತಲ್ಲ, ಅದೇ ಊರು. ಮೊದಲು ಗುಲ್ಬರ್ಗ ಜಿಲ್ಲೆ, 1956ಕ್ಕೆ ಹೈದರಾಬಾದ್ ಜಿಲ್ಲೆ, 1978ಕ್ಕೆ ರಂಗಾರೆಡ್ಡಿ, 2016ಕ್ಕೆ ವಿಕಾರಾಬಾದ್. ನೆಲ ಕದಲಿಲ್ಲ, ಗೆರೆ ಮಾತ್ರ ನಾಲ್ಕು ಕಡೆ ಓಡಾಡಿತು.

ಇದರಲ್ಲಿ ಇಂಜಿನಿಯರ್‌ಗೆ ಪಾಠ ಇದೆ. ಜಿಲ್ಲೆಯ ಹೆಸರನ್ನ ಕೀ ಒಳಗೆ ಸೇರಿಸಿದರೆ, ಜಿಲ್ಲೆ ಬದಲಾದ ದಿನ ಕೀ ಮುರಿಯುತ್ತೆ. ಬರೀ ಸರ್ವೆ ನಂಬರ್ 45 ಅಂತ ಮರ್ಜ್ ಮಾಡಿದರೆ, ಎಲ್ಲ ಊರಿನ 45ನೇ ನಂಬರೂ ಒಂದೇ ನೋಡ್ ಆಗುತ್ತೆ. ಮನುಷ್ಯನ ಹೆಸರನ್ನೇ ಕೀ ಮಾಡಿದರೆ, ಉರ್ದುವಿನಲ್ಲಿ ಒಂದು ಥರ, ತೆಲುಗಿನಲ್ಲಿ ಇನ್ನೊಂದು ಥರ ಬರೆದ ಒಬ್ಬನೇ ರೈತ ಇಬ್ಬರಾಗ್ತಾನೆ. ಗ್ರಾಮಕ್ಕೆ ಬದಲಾಗದ ಕೋಡ್ ಕೊಟ್ಟು, ಅದರ ಜೊತೆ ಸರ್ವೆ ನಂಬರ್ ಮತ್ತು ಹಿಸ್ಸಾ ಸೇರಿಸಿ ಕೀ ಮಾಡಬೇಕು. ಜಿಲ್ಲೆಯನ್ನ ಗೆರೆಯಾಗಿ ಇಡಬೇಕು.

1988-89ರಲ್ಲಿ ಕೇಂದ್ರ ಸರ್ಕಾರ ಭೂದಾಖಲೆ ಕಂಪ್ಯೂಟರೀಕರಣವನ್ನ ಪ್ರಯೋಗಕ್ಕೆ ಅಂತ ದೇಶದ ಎಂಟು ಜಿಲ್ಲೆಗಳಲ್ಲಿ ಶುರು ಮಾಡಿತು. ಅದರಲ್ಲಿ ರಂಗಾರೆಡ್ಡಿಯೂ ಒಂದು. ಆ ಕಾಲದ ಯೋಜನೆಗಳ ದೊಡ್ಡ ಕಾಟ ಏನಂದ್ರೆ, ಡೇಟಾ ಎಂಟ್ರಿ ಮುಗಿಯೋಷ್ಟರಲ್ಲಿ ಕಾಗದದ ಮೇಲೆ ಜಮೀನು ಕೈ ಬದಲಾಗಿರುತ್ತಿತ್ತು. ತುಂಬಿದ್ದು ಹಳತಾಗುತ್ತಿತ್ತು. ವೇಗ ಯಾಕೆ ಬೇಕು ಅನ್ನೋದಕ್ಕೆ ಇದೇ ನಿಜವಾದ ಕಾರಣ.

ಕರ್ನಾಟಕದ ಭೂಮಿ ಯೋಜನೆ ಇದನ್ನ ಗಮನದಲ್ಲಿಟ್ಟುಕೊಂಡು ಬಂತು. 177 ತಾಲೂಕು, ಸುಮಾರು 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು. ತುಂಬಿದ ದಾಖಲೆಯನ್ನ ಗ್ರಾಮ ಲೆಕ್ಕಿಗರು ಕೈಬರಹದ ಪಹಣಿ ಜೊತೆ ತಾಳೆ ನೋಡಿದರು. ತಾಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಕೈಬರಹದ್ದಕ್ಕೆ ಮಾನ್ಯತೆ ನಿಲ್ಲಿಸಿದರು, ಮುಂದಿನ ಮ್ಯುಟೇಶನ್ ಎಲ್ಲ ಸಿಸ್ಟಮ್ ಒಳಗೇ. ನಮ್ಮ ಭಾಷೆಯಲ್ಲಿ ಇದು ಬಲ್ಕ್ ಲೋಡ್, ವ್ಯಾಲಿಡೇಶನ್, ಆಮೇಲೆ ಕಟ್ಓವರ್. ತಪ್ಪೇ ಉಳಿಯಲಿಲ್ಲ ಅಂತಲ್ಲ, ತಿದ್ದುಪಡಿ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅಲೆದವರು ನಮ್ಮ ಊರುಗಳಲ್ಲೂ ಇದ್ದಾರೆ.

ತೆಲಂಗಾಣದಲ್ಲಿ 2017ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಸುಮಾರು ನೂರು ದಿನದಲ್ಲಿ, ಇಡೀ ರಾಜ್ಯದ ಭೂದಾಖಲೆ ಪರಿಷ್ಕರಣೆ ನಡೀತು. ತಕರಾರಿಲ್ಲದ್ದು ಪಾರ್ಟ್ ಎ. ತಕರಾರು ಇರೋದು, ತಾಳೆ ಆಗದ್ದು ಪಾರ್ಟ್ ಬಿ. ಪಾರ್ಟ್ ಬಿ ಅಂದ್ರೆ ಅದೇ ರಿಪೋರ್ಟ್ ಫೈಲ್! ಅದರಲ್ಲಿ ಬಿದ್ದವನಿಗೆ ಹೊಸ ಪಾಸ್‌ಬುಕ್ ಸಿಗಲಿಲ್ಲ. ಪಾಸ್‌ಬುಕ್ ಇಲ್ಲ ಅಂದ್ರೆ 2018ರಲ್ಲಿ ಶುರುವಾದ ರೈತು ಬಂಧು ಹಣವೂ ಸಿಗುತ್ತಿರಲಿಲ್ಲ. 2020ರ ಅಕ್ಟೋಬರ್ 29ಕ್ಕೆ ಧರಣಿ ಪೋರ್ಟಲ್ ಬಂತು. ಅದರ ದಾಖಲೆಯಲ್ಲಿ ಅನುಭವದಾರರ ಕಾಲಂ ಇರಲಿಲ್ಲ. ಅಂದ್ರೆ ಒಂದು ಜಾತಿಯ ಗೆರೆಯೇ ಇಂಪೋರ್ಟ್ ಆಗಲಿಲ್ಲ. ತಕರಾರುಗಳು ಚುನಾವಣೆಯ ವಿಷಯವಾಗೋವರೆಗೆ ಬೆಳೆದವು. 2025ರ ಏಪ್ರಿಲ್‌ನಲ್ಲಿ ಧರಣಿಯ ಜಾಗಕ್ಕೆ ಭೂ ಭಾರತಿ ಬಂತು.

ಇಷ್ಟೆಲ್ಲ ಹೇಳಿದ್ದು ಯಾಕಂದ್ರೆ, ಲೋಡ್ ವೇಗ ಮಾಡೋದಕ್ಕೆ ಎರಡು ಬಗೆ ಇದೆ. ಕ್ರಮ ಬದಲಿಸಿ ವೇಗ ಮಾಡೋದು ಒಂದು: ಕೀ ಸರಿ ಮಾಡಿ, ಇಂಡೆಕ್ಸ್ ಮೊದಲು, ನೋಡ್ ಆಮೇಲೆ ಗೆರೆ, ಕಂತಿನ ಕಮಿಟ್. ಇದರಿಂದ ಯಾರಿಗೂ ನಷ್ಟ ಇಲ್ಲ, ಎಷ್ಟು ಬೇಕೋ ಅಷ್ಟು ಮಾಡಿ. ತಪಾಸಣೆ ಬಿಟ್ಟು ವೇಗ ಮಾಡೋದು ಇನ್ನೊಂದು. ಅದೂ ಕೆಲವೊಮ್ಮೆ ಬೇಕೇ ಬೇಕು, ಇಲ್ಲಾಂದ್ರೆ ಡೇಟಾ ಹಳತಾಗುತ್ತೆ. ಆದರೆ ಬಿಟ್ಟ ತಪಾಸಣೆ ಮಾಯ ಆಗಲ್ಲ. ನೀವು ಮಾಡದಿದ್ದರೆ ಆ ಸಾಲಿನೊಳಗಿರೋ ಮನುಷ್ಯ ಮಾಡ್ತಾನೆ, ಕಾಗದದ ಕಟ್ಟು ಹಿಡಿದು, ಕಚೇರಿ ಮುಂದೆ ನಿಂತು.

ಅದಕ್ಕೆ ಲೋಡ್ ಪ್ಲಾನ್ ಬರೆಯೋವಾಗ ರಿಪೋರ್ಟ್ ಫೈಲ್ ಓದೋದಕ್ಕೂ ಒಂದು ದಿನ, ಒಂದು ಹೆಸರು ಬರೆದಿಡಿ. ಬಿಟ್ಟ ಸಾಲು ಎಷ್ಟು, ಯಾಕೆ, ಸರಿ ಮಾಡೋರು ಯಾರು ಅಂತ ಗೊತ್ತಾದ ಮೇಲೇ ಲೋಡ್ ಮುಗೀತು ಅಂತ ಮೇಲ್ ಹಾಕಿ.