ನದಿಯ ಆಚೆ ದಂಡೆ

ಒಂದೇ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಹಲವು ಪುಸ್ತಕಗಳನ್ನು ಓದುವುದು ನನಗೆ ಬಹುಕಾಲದಿಂದ ಪ್ರಿಯವಾದ ಅಭ್ಯಾಸ. ಕಳೆದ ತಿಂಗಳು ಹಾಗೆ ಆರಿಸಿಕೊಂಡ ಊರು ವಿರೂಪಾಪುರಗಡ್ಡೆ. ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಿನ ಸೋಪಾನದಲ್ಲಿ ನಿಂತು ನದಿಯ ಕಡೆ ನೋಡಿದವರೆಲ್ಲ ಈ ನಡುಗಡ್ಡೆಯನ್ನು ಕಂಡಿರುತ್ತಾರೆ. ಹೆಸರು ಕೇಳಿದವರು ಮಾತ್ರ ಕಡಿಮೆ. ತುಂಗಭದ್ರೆ ಇಲ್ಲಿ ಕವಲೊಡೆದು ಬಂಡೆಗಳ ನಡುವೆ ಹರಿಯುತ್ತದೆ. ಆ ಕವಲುಗಳ ಮಧ್ಯೆ ಒಂದಿಷ್ಟು ಗುಡ್ಡ, ಒಂದಿಷ್ಟು ಭತ್ತದ ಗದ್ದೆ. ಹಂಪೆಗೆ ಕೂಗಳತೆಯ ದೂರದಲ್ಲಿದ್ದರೂ ಇದು ಸೇರಿರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ. ಹಂಪೆಯನ್ನು ಕುರಿತ ಗ್ರಂಥಗಳಲ್ಲಿ ಈ ಪುಟ್ಟ ಭೂಭಾಗಕ್ಕೆ ಎಷ್ಟು ಸ್ಥಳ ದೊರೆತಿದೆ ಎಂದು ನೋಡುವುದು ನನ್ನ ಉದ್ದೇಶವಾಗಿತ್ತು.

ಮೊದಲು ಕೈಗೆತ್ತಿಕೊಂಡದ್ದು ರಾಬರ್ಟ್ ಸೀವೆಲ್ಲರ ಗ್ರಂಥ. ಮರೆತುಹೋದ ಒಂದು ಸಾಮ್ರಾಜ್ಯ ಎಂಬರ್ಥದ ಹೆಸರಿನಿಂದ 1900ರಲ್ಲಿ ಪ್ರಕಟವಾದ ಆ ಪುಸ್ತಕ ವಿಜಯನಗರದ ಕತೆಯನ್ನು ಮತ್ತೆ ಜಗತ್ತಿನ ಮುಂದಿರಿಸಿತು. ಅದರ ಜೀವಾಳವೆಂದರೆ ಇಬ್ಬರು ಪೋರ್ತುಗೀಜರ ಬರಹಗಳ ಅನುವಾದ: ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ರಾಜಧಾನಿಯನ್ನು ಕಂಡ ದೊಮಿಂಗೋ ಪಾಯೆಸನದು ಒಂದು, ಅಚ್ಯುತರಾಯನ ಕಾಲದ ಫೆರ್ನಾವೋ ನೂನಿಜನದು ಇನ್ನೊಂದು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಶತಮಾನಗಟ್ಟಲೆ ಮಲಗಿದ್ದ ಈ ಬರಹಗಳು ಲಿಸ್ಬನ್ನಿನಲ್ಲಿ ಅಚ್ಚಾದದ್ದು 1897ರಲ್ಲಿ.

ಪಾಯೆಸನ ವರ್ಣನೆಗಳಲ್ಲಿ ಮಹಾನವಮಿಯ ವೈಭವವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಭಾಗ. ಆನೆಗೊಂದಿ ಹಿಂದೆ ರಾಜಧಾನಿಯಾಗಿತ್ತೆಂದೂ, ಈಗ ಅಲ್ಲಿ ಜನ ವಿರಳವೆಂದೂ, ಆದರೂ ಕೋಟೆ ಗಟ್ಟಿಯಾಗಿದ್ದು ಅರಸನ ಒಬ್ಬ ನಾಯಕ ಅಲ್ಲಿರುವನೆಂದೂ ಆತ ಹೇಳುತ್ತಾನೆ. ಅಲ್ಲಿಗೆ ದಾಟುವ ಬಗೆಯನ್ನೂ ಬಣ್ಣಿಸುತ್ತಾನೆ. ಬುಟ್ಟಿಯಂತೆ ದುಂಡಗಿನ ದೋಣಿ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂಡಬಹುದು. ನೇರ ಸಾಗದೆ ತಿರುಗುತ್ತ ತಿರುಗುತ್ತ ಹೋಗುತ್ತದೆ. ನಮ್ಮ ಹರಿಗೋಲನ್ನು ಬಲ್ಲವರಿಗೆ ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ. ಅದೇ ಪಾಯೆಸ್ ಬೆಟ್ಟವೊಂದನ್ನೇರಿ ನಗರವನ್ನು ನೋಡಿ, ಅದು ಬೆಟ್ಟಸಾಲುಗಳ ನಡುವೆ ಹರಡಿರುವುದರಿಂದ ಪೂರ್ತಿ ಕಾಣದೆಂದೂ, ಕಂಡಷ್ಟೇ ರೋಮಿನಷ್ಟು ದೊಡ್ಡದೆಂದೂ ಬರೆದ. ಒಂದೇ ಕಡೆ ನಿಂತರೆ ಈ ನಗರ ಪೂರ್ತಿ ಕಾಣುವುದಿಲ್ಲ. ಆ ಮಾತು ತಿಂಗಳುದ್ದಕ್ಕೂ ನನ್ನ ಜೊತೆಗಿತ್ತು.

ನೂನಿಜನ ಕತೆ ಇನ್ನೂ ಸ್ವಾರಸ್ಯವಾದದ್ದು. ಮೊಲ ನಾಯಿಗಳನ್ನು ಕಚ್ಚಿ ಓಡಿಸಿದ ಪ್ರಸಂಗ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ನೂನಿಜ್ ಅದನ್ನು ಹೇಳುವಾಗ ಎಲ್ಲಿ ನಿಂತು ಹೇಳುತ್ತಾನೆಂಬುದನ್ನು ನಾನು ಈ ಸಲ ಗಮನಿಸಿದೆ. ಅರಸನಿರುವುದು ಆನೆಗೊಂದಿಯಲ್ಲಿ, ಬೇಟೆಗೆ ಹೋಗುವುದು ನದಿಯ ಆಚೆಗೆ, ಆಗಿನ್ನೂ ಬರಿಯ ಕಾಡಾಗಿದ್ದ ಕಡೆಗೆ. ಅಂದರೆ ಮೂಲಕಥೆಯಲ್ಲಿ ಈಚೆಯ ದಂಡೆ ಆನೆಗೊಂದಿ, ಆಚೆಯ ದಂಡೆ ಹಂಪೆ. ನಾವು ಇಂದು ಹೇಳುವುದು ಇದಕ್ಕೆ ತೀರ ವಿರುದ್ಧ.

ಈ ಅರಿವಿನಿಂದ ಕುಮಾರರಾಮನ ಕಡೆಗೆ ತಿರುಗಿದೆ. ನಂಜುಂಡ ಕವಿಯ ಸಾಂಗತ್ಯ ಕಾವ್ಯವನ್ನು ವಿದ್ಯಾರ್ಥಿದೆಸೆಯಲ್ಲಿ ಪರನಾರೀಸಹೋದರನ ಆದರ್ಶಕ್ಕಾಗಿ ಓದಿದ್ದೆ. ಈಗ ಭೂಗೋಳಕ್ಕಾಗಿ ಓದಿದೆ. ಕುಮ್ಮಟದುರ್ಗ, ಹೇಮಗುಡ್ಡ ಇವೆಲ್ಲ ಗಂಗಾವತಿಯ ಸುತ್ತಿನ ನೆಲ. ಕಂಪಿಲರಾಯನ ರಾಜ್ಯ 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಬಲಿಯಾದದ್ದನ್ನು ಪ್ರವಾಸಿ ಇಬ್ನ್ ಬತೂತನೂ ದಾಖಲಿಸಿದ್ದಾನೆ: ಸುಲ್ತಾನನ ಕೋಪಕ್ಕೆ ಗುರಿಯಾಗಿ ಬಂದ ಬಹಾವುದ್ದೀನನಿಗೆ ಕಂಪಿಲ ಆಶ್ರಯ ಕೊಟ್ಟ, ಉಳಿಯುವ ದಾರಿ ಕಾಣದಾದಾಗ ಅತಿಥಿಯನ್ನು ಬೇರೊಬ್ಬ ಅರಸನಲ್ಲಿಗೆ ಸಾಗಿಸಿ, ರಾಣಿವಾಸವೆಲ್ಲ ಅಗ್ನಿಪ್ರವೇಶ ಮಾಡಿದ ಮೇಲೆ, ತಾನು ಹೋರಾಡಿ ಮಡಿದ. ಪರದೇಶದ ಮುಸಲ್ಮಾನ ಪ್ರವಾಸಿಯೊಬ್ಬ ಈ ಶರಣಾಗತರಕ್ಷಣೆಯನ್ನು ಗೌರವದಿಂದ ಬರೆದಿಟ್ಟದ್ದು ನನಗೆ ಬಹಳ ಹಿಡಿಸಿತು. ವಿಜಯನಗರಕ್ಕೆ ಮುನ್ನುಡಿಯಾದ ಈ ದುರಂತ ನಡೆದದ್ದು ನದಿಯ ಉತ್ತರಕ್ಕೆ. ಮುಂದೆಯೂ ಬಹಮನಿಗಳೊಡನೆ ರಾಯಚೂರು ದೋಆಬಿಗಾಗಿ ನಡೆದ ಕಾದಾಟಗಳಲ್ಲಿ ಮೊದಲ ಪೆಟ್ಟು ತಿಂದ ನೆಲ ಅದು.

ಇಷ್ಟೆಲ್ಲ ಇದ್ದೂ ಉತ್ತರದ ದಂಡೆ ನಮ್ಮ ಪುಸ್ತಕಗಳಲ್ಲಿ ತೆಳುವಾದದ್ದೇಕೆ? ಮೂರನೆಯ ವಾರದ ಓದು ಇದಕ್ಕೆ ಉತ್ತರ ಕೊಟ್ಟಿತು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಹಂಪೆ ಮದ್ರಾಸಿನ ಆಡಳಿತಕ್ಕೆ ಸೇರಿತು. ಆನೆಗೊಂದಿ, ಗಂಗಾವತಿ ಹೈದರಾಬಾದಿನಲ್ಲಿ ಉಳಿದವು. ಹಿಂದೆ ಒಂದೇ ನಗರದ ನಡುವೆ ಹರಿದ ನದಿ ಎರಡು ಸರ್ಕಾರಗಳ ಎಲ್ಲೆಯಾಯಿತು. ಮದ್ರಾಸಿನ ಪುರಾತತ್ವ ಅಧಿಕಾರಿ ಲಾಂಗ್‌ಹರ್ಸ್ಟ್ 1917ರಲ್ಲಿ ಪ್ರಕಟಿಸಿದ ಹಂಪೆಯ ಅವಶೇಷಗಳ ಕೈಪಿಡಿ ಇಂದಿಗೂ ಉಪಯುಕ್ತ. ಅದರ ಹೆಚ್ಚಿನ ಪುಟಗಳು ಸಹಜವಾಗಿಯೇ ತನ್ನ ಸರ್ಕಾರದ ದಂಡೆಗೆ ಮೀಸಲು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಆರಂಭವಾದದ್ದು 1914ರಲ್ಲಿ. ಅದರ ನಿರ್ದೇಶಕ ಗುಲಾಂ ಯಜ್ದಾನಿ ಮಹಾ ವಿದ್ವಾಂಸರು. ಅವರ ಬೃಹದ್‌ಗ್ರಂಥಗಳು ಅಜಂತೆಯನ್ನೂ ಬೀದರನ್ನೂ ಕುರಿತವು. ಕೊಪ್ಪಳದ ಅಶೋಕ ಶಾಸನಗಳೂ ಕನ್ನಡ ಶಾಸನಗಳೂ ಆ ಇಲಾಖೆಯ ಮೂಲಕ ಬೆಳಕು ಕಂಡವು. ಈ ಉಪಕಾರವನ್ನು ಮರೆಯಲಾಗದು. ಆದರೆ ವಿಜಯನಗರವೆಂಬ ಒಂದು ವಿಷಯ ಎರಡು ಕಚೇರಿಗಳ ನಡುವೆ ಹಂಚಿಹೋಯಿತು. ನಡುಗಡ್ಡೆ ಆ ಹಂಚಿಕೆಯ ಗೆರೆಯ ಮೇಲೆಯೇ ಬಿತ್ತು.

ಅದು ಬರಿಯ ಬಂಡೆಗಳ ಗುಡ್ಡೆಯಾಗಿದ್ದರೆ ನಷ್ಟವೇನೂ ಇರಲಿಲ್ಲ. ಗಡ್ಡೆಗೆ ನೀರು ದಾಟಿಸಲು ಕಲ್ಲುಕಂಬಗಳ ಮೇಲೆ ಕಟ್ಟಿದ ಮೇಲ್ಗಾಲುವೆಯ ಅವಶೇಷ ಇಂದೂ ಅಲ್ಲಿದೆ. ಜನ ಅದಕ್ಕೆ ಬುಕ್ಕರಾಯನ ಹೆಸರನ್ನು ಹಚ್ಚಿದ್ದಾರೆ. ಹರಿಯುವ ಹೊಳೆಯ ನಡುವಣ ನೆಲಕ್ಕೆ ಕಾಲುವೆ ಕಟ್ಟಿ ನೀರು ಕೊಟ್ಟವರು ಆ ನೆಲವನ್ನು ಅಂಚಿನದೆಂದು ಬಗೆದಿರಲಾರರು.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಮೈಸೂರನ್ನು ಸೇರಿತು. 1956ರ ಏಕೀಕರಣದಲ್ಲಿ ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಬಂದವು. ಏಕೀಕರಣದ ಕನಸಿಗೆ ಮೊದಲು ಮಾತು ಕೊಟ್ಟವರಲ್ಲಿ ಒಬ್ಬರಾದ ಆಲೂರು ವೆಂಕಟರಾಯರು 1917ರ ‘ಕರ್ನಾಟಕ ಗತವೈಭವ’ದಲ್ಲಿ ಹಾರೈಸಿದ್ದು ಇದನ್ನೇ. ಆದರೂ ಎಲ್ಲೆ ಪೂರ್ತಿ ಅಳಿಯಲಿಲ್ಲ. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, 2021ರಲ್ಲಿ ಹಂಪೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೊಳೆ ಜಿಲ್ಲೆಗಳ ಗಡಿಯಾಗಿಯೇ ಇದೆ.

ಕೊನೆಯ ವಾರ ಓದಿದ್ದು ವಿರೂಪಾಪುರಗಡ್ಡೆಯ ಇತ್ತೀಚಿನ ಇತಿಹಾಸ. 1988ರ ಸರ್ಕಾರಿ ಅಧಿಸೂಚನೆಯೊಂದು ಈ ನೆಲವನ್ನು ಸಂರಕ್ಷಿತ ಪ್ರದೇಶಕ್ಕೆ ಸೇರಿಸಿತ್ತು. ಆದರೆ ಮುಂದಿನ ವರ್ಷಗಳಲ್ಲಿ ದೋಣಿಯಲ್ಲಿ ದಾಟಿಬರುವ ಪ್ರವಾಸಿಗರಿಗಾಗಿ ಇಲ್ಲಿ ವಸತಿಗೃಹಗಳೂ ಹೋಟೆಲುಗಳೂ ಎದ್ದವು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2020ರ ಫೆಬ್ರವರಿಯಲ್ಲಿ ತೀರ್ಪು ಕಟ್ಟಡಗಳ ವಿರುದ್ಧ ಬಂದಿತು. ಮಾರ್ಚಿನಲ್ಲಿ ಅವನ್ನು ಕೆಡವಲಾಯಿತು. ಸ್ಮಾರಕಪ್ರಿಯನಾದ ನನಗೆ ತೀರ್ಪು ಸರಿಯೆನಿಸುತ್ತದೆ. ಆದರೆ ಜೀವನೋಪಾಯ ಕಳೆದುಕೊಂಡವರ ದನಿಯನ್ನು ಕೇಳಿಸಿಕೊಳ್ಳದೆ ಪುಟ ಮಗುಚಲು ಮನಸ್ಸು ಒಪ್ಪಲಿಲ್ಲ. ತಮ್ಮ ಕಾಲಕೆಳಗಿನ ನೆಲ ರಾಜಧಾನಿಯ ಭಾಗವೆಂದು ಅವರಿಗೆ ಯಾವ ಪುಸ್ತಕ ಹೇಳಿತ್ತು? ಹೇಳಬೇಕಾದ ಕಾಲದಲ್ಲಿ ಹೇಳದೆ, ಕೆಡವುವ ಕಾಲಕ್ಕೆ ಹೇಳಿದ್ದಾಯಿತು. ಆನೆಗೊಂದಿಯ ಸೇತುವೆಯ ಕತೆಯೂ ಹೀಗೆಯೇ. ಸೇತುವೆ ಕಾಮಗಾರಿಯ ದೆಸೆಯಿಂದ 1999ರಲ್ಲಿ ಹಂಪೆ ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, 2006ರಲ್ಲಿ ಹೊರಬಂದಿತು, 2009ರ ಜನವರಿಯಲ್ಲಿ ಆ ಅರೆಬರೆ ಸೇತುವೆ ಕುಸಿದು ಕಾರ್ಮಿಕರು ಜೀವ ತೆತ್ತರು. ದಾಟಬೇಕಾದ ಜನರ ಅಗತ್ಯ, ಉಳಿಸಬೇಕಾದ ಕಲ್ಲಿನ ಗೌರವ ಎರಡೂ ನಿಜ. ಇವೆರಡನ್ನೂ ಒಟ್ಟಿಗೆ ಕಾಣಬೇಕಾದರೆ ಮೊದಲು ಎರಡು ದಂಡೆಗಳನ್ನು ಒಟ್ಟಿಗೆ ಕಾಣಬೇಕು.

2002ರ ಕಾಯ್ದೆಯಿಂದ ರಚಿತವಾದ ಹಂಪೆಯ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಈಗ ಎರಡೂ ಕಡೆಯ ಹಳ್ಳಿಗಳಿವೆ. ಕಾನೂನು ಮಾಡಿದ ಈ ಕೂಡಿಕೆಯನ್ನು ನಮ್ಮ ಪಠ್ಯಗಳೂ ಪ್ರವಾಸದ ಕೈಪಿಡಿಗಳೂ ಮಾಡಲೆಂದು ನನ್ನ ಆಸೆ. ಹಂಪೆಗೆ ಹೋಗುವ ಮಿತ್ರರು ಪಾಯೆಸ್, ನೂನಿಜರ ಪುಟಗಳನ್ನು ಓದಿಕೊಂಡು ಹೋಗಲಿ. ಹೊಳೆ ದಾಟಿ ಗಡ್ಡೆಯ ಮೇಲ್ಗಾಲುವೆಯನ್ನು ನೋಡಲಿ. ಆನೆಗೊಂದಿಯನ್ನೂ ಕುಮ್ಮಟವನ್ನೂ ನೋಡಲಿ. ಸಾಧ್ಯವಾದರೆ ಮೊದಲು ಆನೆಗೊಂದಿಗೆ ಹೋಗಿ, ಆಮೇಲೆ ಹಂಪೆಗೆ ದಾಟಲಿ. ನೂನಿಜ್ ಕೇಳಿದ ಕತೆಯ ಅರಸನೂ ಹೋದದ್ದು ಅದೇ ದಾರಿಯಲ್ಲಿ.